ಹಡಗಿನಲ್ಲಿ ಖಡಕ್ ರೊಟ್ಟಿ: ಒಂಬತ್ತು ಮಂದಿ, ಎರಡು ರಾತ್ರಿ

"ಅವ್ವನ್ನ ಹಡಗಿನಾಗ ಕರ್ಕೊಂಡ್ ಹೊಂಟೀಯೇನು? ಎರಡನೇ ಹೊತ್ತಿಗೆ ರೊಟ್ಟಿ ಎಲ್ಲಿ ಅಂತ ಕೇಳ್ತಾಳ. ಸಮುದ್ರದಾಗ ಎಲ್ಲಿಂದ ತರ್ತಿ?" ನಮ್ಮ ಖಾನಾವಳಿಯ ಗಲ್ಲೆ ಮುಂದೆ ನಿಂತು, ಊಟಕ್ಕೆ ಕೂತವರಿಗೆಲ್ಲ ಕೇಳುವ ಹಾಗೆ ಮಾಮಾ ಹೀಗಂದಿದ್ದರು. ಅಕ್ಕನ ಗಂಡ, ತಿರುಗಿ ಮಾತಾಡುವ ಹಾಗಿಲ್ಲ. ಸುಮ್ನೆ ನಕ್ಕೆ.

ಅವರ ಅನುಮಾನಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಹೆಂಡತಿ, ಇಬ್ಬರು ಮಕ್ಕಳ ಜೊತೆ ಮುಂಬೈಯಿಂದ ಹೊರಡುವ ಪ್ರವಾಸಿ ಹಡಗಿಗೆ (ಕ್ರೂಸ್) ಹೋಗಿ ನಾನು ಮರ್ಯಾದೆ ಕಳೆದುಕೊಂಡು ಬಂದಿದ್ದೆ. ಬಿಳಿ ಬಟ್ಟೆಯಲ್ಲಿ ನಲವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಒಂದು ಡಬ್ಬಿ ಗುರೆಳ್ಳು ಚಟ್ನಿ, ಎಣ್ಣೆಗಾಯಿ ಬೇರೆ. ಬಂದರಿನಲ್ಲಿ ಚೀಲ ಬಿಚ್ಚಿಸಿದರು. ಮನೆ ಅಡುಗೆ ಒಳಗೆ ಬಿಡುವುದಿಲ್ಲ ಅಂದರು. ಎಣ್ಣೆಗಾಯಿಯನ್ನು ಅಲ್ಲೇ ನಿಂತು ನಾಲ್ಕು ಮಂದಿ ತಿಂದು ಮುಗಿಸಿದೆವು. ರೊಟ್ಟಿಯನ್ನು ಅಲ್ಲಿದ್ದ ಒಬ್ಬ ಹಮಾಲನಿಗೆ ಕೊಟ್ಟೆವು. ಆತ ಸೊಲ್ಲಾಪುರದ ಕಡೆಯವನು, ಅವನಿಗೆ ಹಬ್ಬ!

ಆ ಸಲ ದುಡ್ಡೂ ಹೋಯ್ತು. ಏಜೆಂಟರು 'ಎಲ್ಲಾ ಸೇರಿ' ಅಂದಿದ್ದರು. ಆಮೇಲೆ ಬಂದರು ಶುಲ್ಕ, ಸಿಬ್ಬಂದಿ ಟಿಪ್ಸು, ಜಿಎಸ್‌ಟಿ ಅಂತ ತಲೆಗೆ ಮೂರು ಸಾವಿರದ ಹತ್ತಿರ ಏರಿತು. ಒಳಗೆ ಹೋದ ಮೇಲೆ ಹಣ ಕೊಟ್ಟು ಕೂರುವ ಹೋಟೆಲಿನಲ್ಲಿ ಒಂದು ರಾತ್ರಿ ಊಟ ಮಾಡಿದೆವು. ನಾಲ್ಕು ಮಂದಿಗೆ ಸುಮಾರು ಆರು ಸಾವಿರ, ತಿಂದದ್ದು ಅದೇ ಪನೀರು. ಹೆಂಡತಿಯ ಮೊಬೈಲು ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಹಿಡಿದು ಎರಡು ಸಾವಿರ ಚಿಲ್ಲರೆ ಬಿಲ್ಲು ತಂದಿತು. ದಂಡೆ ಬಿಡುತ್ತಲೇ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಬೇಕು ಅನ್ನೋದನ್ನ ಆಗ ಕಲಿತದ್ದು. ಅಗ್ಗ ಅಂತ ಮೂತಿಯ ಕಡೆಯ, ಮೇಲಿನ ಮಹಡಿಯ ಕೋಣೆ ಹಿಡಿದಿದ್ದೆ. ಮಗಳು ರಾತ್ರಿಯಿಡೀ ವಾಂತಿ.

ಈ ಸಲ ಮುಂಬೈಯಿಂದ ಗೋವಾಕ್ಕೆ ಒಂಬತ್ತು ಮಂದಿ. ಎಪ್ಪತ್ತಾರರ ಅವ್ವ, ಅಕ್ಕ, ಅನುಮಾನದ ಮಾಮಾ, ಅವರ ಮಗ-ಸೊಸೆ, ನಾವು ನಾಲ್ವರು. ಕಿಟಕಿ ಇಲ್ಲದ ಮೂರು ಕೋಣೆ, ಕೆಳಗಿನ ಮಹಡಿ, ಹಡಗಿನ ನಟ್ಟನಡುವೆ. ಬಂಡಿ ನಡುವೆ ಕೂತವನಿಗೆ ಕುಲುಕಾಟ ಕಡಿಮೆ, ಹಡಗಿಗೂ ಅದೇ ಲೆಕ್ಕ. ಕಿಟಕಿ ಯಾಕೆ ಬೇಕು, ಕೋಣೆಯಲ್ಲಿ ಇರೋದು ನಿದ್ದೆಗೆ ಮಾತ್ರ ಅಲ್ವಾ? ಒಂದೇ ಕೋಣೆಯ ಮೂರನೆಯವರಿಗೆ ದರ ಕಡಿಮೆ. ಎಲ್ಲಾ ಸೇರಿ ಒಂದು ಲಕ್ಷದ ಅರವತ್ತೈದು ಸಾವಿರದ ಆಸುಪಾಸು ಆಯ್ತು. ರಸೀದಿ ಮುಂದಿಲ್ಲ, ನೆನಪಿನ ಲೆಕ್ಕ. ಹೋದದ್ದು ಡಿಸೆಂಬರಿನಲ್ಲಿ. ಆಗ ನಮ್ಮ ಪಡುವಣ ಸಮುದ್ರ ಶಾಂತ.

ಈಗ ರೊಟ್ಟಿಯ ವಿಷಯ.

ಹಡಗಿನವರಿಗೆ ಮೊದಲೇ ಇಮೇಲ್ ಹಾಕಿ ಕೇಳಿದೆ. ಮನೆ ಅಡುಗೆ ಇಲ್ಲ, ಆದರೆ ಲೇಬಲ್ ಇರುವ ಸೀಲಾದ ಒಣ ತಿಂಡಿ ನಡೆಯುತ್ತದೆ ಅಂತ ಉತ್ತರ ಬಂತು. ಅದನ್ನು ಪ್ರಿಂಟ್ ತೆಗೆದು ಇಟ್ಟುಕೊಂಡೆ. ಬೇರೆ ಬೇರೆ ಹಡಗಿಗೆ ಬೇರೆ ಬೇರೆ ನಿಯಮ, ನೀವೂ ಕೇಳಿಯೇ ಹೋಗಿ. ನಮ್ಮದು ಲೈಸೆನ್ಸ್ ಇರುವ ಖಾನಾವಳಿ. ಖಡಕ್ ರೊಟ್ಟಿ ಪ್ಯಾಕೆಟ್ಟು ಮಾರುತ್ತೇವೆ. ಲೇಬಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಲೈಸೆನ್ಸ್) ನಂಬರು, ತಯಾರಿಸಿದ ತಾರೀಖು, ತೂಕ ಎಲ್ಲ ಇರುತ್ತದೆ. ಬಂದರಿನ ಹುಡುಗ ಪ್ಯಾಕೆಟ್ ತಿರುಗಿಸಿ ನೋಡಿದ, ನಂಬರು ನೋಡಿದ, ವಾಪಸ್ ಇಟ್ಟ. ನಮ್ಮದೇ ರೊಟ್ಟಿ ನಮ್ಮದೇ ಲೇಬಲ್ಲಿನಲ್ಲಿ ಹಡಗು ಹತ್ತಿತು! ನಾನು ಮಾಮಾನ ಮುಖ ನೋಡಿದೆ. ಅವರು ಸಮುದ್ರದ ಕಡೆ ನೋಡುತ್ತಿದ್ದರು.

ಪ್ಯಾಕೆಟ್ಟಿಗೆ ನಾಲ್ಕೇ ರೊಟ್ಟಿ. ಬಿಚ್ಚಿದರೆ ಒಂದೇ ಸಲಕ್ಕೆ ಮುಗಿಯಬೇಕು. ದೊಡ್ಡ ರೊಟ್ಟಿ ಚೀಲದಲ್ಲಿ ಒಡೆಯುತ್ತದೆ, ಅದಕ್ಕೆ ಚಿಕ್ಕದಾಗಿ ತಟ್ಟಿಸಿ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಟ್ಟೆ. ಒಟ್ಟು ಹದಿನೈದು ಪ್ಯಾಕೆಟ್. ಜೊತೆಗೆ ಶೇಂಗಾ ಚಟ್ನಿ ಪುಡಿ, ಅಗಸಿ ಚಟ್ನಿ ಪುಡಿ, ಪುಟಾಣಿ (ಹುರಿಗಡಲೆ) ಹಿಟ್ಟು, ಎಲ್ಲವೂ ಸೀಲ್. ಸೀಲ್ ಮಾಡುವ ಮೊದಲು ರೊಟ್ಟಿಗೆ ಒಂದು ಕೆಲಸ ಮಾಡಬೇಕು, ಇಲ್ಲದಿದ್ದರೆ ಮೂರನೇ ದಿನ ಜವಳಿಯ ಹಾಗೆ ಬಾಗುತ್ತದೆ. ಅದು ಧಂದೆಯ ಮಾತು, ಇಲ್ಲಿ ಬರೆಯೋದಿಲ್ಲ.

ಒಂದು ತಪ್ಪು ಅಲ್ಲೂ ಆಯ್ತು. ಮೊದಲ ಸಂಜೆ ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಕೂತು ಪ್ಯಾಕೆಟ್ ಬಿಚ್ಚಿದೆವು. ಅವ್ವ ಮೊದಲ ತುಂಡು ಮುರಿದಾಗ ಟಪ್ಪ್ ಅಂತ ಸದ್ದು ಬಂತು. ಹರಟೆ ಹೊಡೆಯುತ್ತ ಅರ್ಧ ಗಂಟೆ ಕಳೆದಿರಬೇಕು. ಕೊನೆಯ ರೊಟ್ಟಿ ಮುರಿಯಲೇ ಇಲ್ಲ, ಹಾಗೇ ಮಡಚಿತು. ಸಮುದ್ರದ ಗಾಳಿಯ ತೇವ ಅಷ್ಟು. ಆಮೇಲೆ ಕೋಣೆಯ ಎಸಿಯಲ್ಲೇ ಬಿಚ್ಚಿದೆವು. ಅಲ್ಲಿ ಕೊನೆಯ ತುಂಡಿನವರೆಗೂ ಖಡಕ್.

ಇನ್ನು ಹಡಗಿನ ಊಟ. ಇಪ್ಪತ್ತು ವರ್ಷ ಊಟ ಬಡಿಸಿದವನ ಕಣ್ಣು, ನೋಡದೆ ಇರುತ್ತದೆಯೇ? ಬಫೆಯಲ್ಲಿ ಬಾಗಿಲ ಹತ್ತಿರದ ಸಾಲಿನಲ್ಲೇ ಎಲ್ಲರೂ ನಿಲ್ಲುತ್ತಾರೆ. ಅದೇ ಪದಾರ್ಥ ಆ ಕಡೆಯ ಸಾಲಿನಲ್ಲೂ ಇರುತ್ತದೆ, ಅಲ್ಲಿ ಜನ ಇಲ್ಲ. ಪೂರಿ ಮುಟ್ಟಬೇಡಿ, ಮುಚ್ಚಳದ ಕೆಳಗೆ ಬೆವತಿರುತ್ತದೆ. ಕಣ್ಣೆದುರು ಹುಯ್ಯುವ ದೋಸೆ ತಗೊಳ್ಳಿ. ಪಾತ್ರೆ ಅರ್ಧ ಖಾಲಿಯಾದಾಗ ಕೈ ಹಾಕಬೇಡಿ, ಎರಡು ನಿಮಿಷ ಕಾಯ್ದರೆ ಹೊಸದು ಬರುತ್ತದೆ. ರಾತ್ರಿ ಊಟಕ್ಕೆ ಎರಡು ಪಾಳಿ, ಮೊದಲ ಪಾಳಿ ಕೇಳಿಕೊಳ್ಳಿ. ಎಂಟಕ್ಕೆ ಮಲಗುವ ಹಿರಿಯರಿಗೆ ಅದೇ ಸರಿ. ಬಾಟಲಿ ನೀರಿಗೆ ದುಡ್ಡು, ಊಟದ ಕೋಣೆಯ ನಲ್ಲಿಯಲ್ಲಿ ಪುಕ್ಕಟೆ. ಖಾಲಿ ಸ್ಟೀಲ್ ಬಾಟಲಿ ಒಯ್ಯಿರಿ.

ಅವ್ವನದು ಬೇರೆ ತೊಡಕು. ಕೊರಳಲ್ಲಿ ಲಿಂಗ, ಮಾಂಸದ ಪಾತ್ರೆಯ ಪಕ್ಕದ ಸೌಟು ಮುಟ್ಟಿಸಿಕೊಳ್ಳುವವಳಲ್ಲ. ಅದಕ್ಕೆ ಬುಕ್ಕಿಂಗ್ ಮಾಡುವಾಗಲೇ ಜೈನ ಊಟ ಬರೆಸಿದ್ದೆ. ಪಾತ್ರೆ ಬೇರೆ, ಸೌಟು ಬೇರೆ, ಎಲ್ಲ ಸರಿ. ಆದರೆ ಜೈನ ಊಟದಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ಇಲ್ಲ! ಅವ್ವ ಎರಡು ತುತ್ತು ತಿಂದು ತಟ್ಟೆ ಸರಿಸಿದಳು. "ಉಳ್ಳಾಗಡ್ಡಿ ಇಲ್ಲದ ಪಲ್ಯಾ, ಇದೇನ್ ಬಾಣಂತಿ ಊಟ ಏನೋ ತಮ್ಮಾ?" ಹೋಗಿ ಸಲಾಡ್ ಇಟ್ಟಲ್ಲಿಂದ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಎರಡು ಹಸಿಮೆಣಸಿನಕಾಯಿ ತಂದೆ. ಜೈನ ಬೇಳೆ, ಹಸಿ ಉಳ್ಳಾಗಡ್ಡಿ, ಚಟ್ನಿ ಪುಡಿ, ಮೊಸರು. ಮರುದಿನದಿಂದ ಬಡಿಸುವ ಹುಡುಗ ತಾನೇ ಉಳ್ಳಾಗಡ್ಡಿ ತಟ್ಟೆ ತಂದು ಇಡುತ್ತಿದ್ದ. ಕೊಲ್ಲಾಪುರದವನು. ಭಾಕ್ರಿ (ಅವರ ಕಡೆಯ ರೊಟ್ಟಿ) ತಿಂದು ಬೆಳೆದವನಿಗೆ ವಿವರಿಸುವುದು ಏನಿದೆ? ಮೊದಲ ದಿನವೇ ಅವನ ಊರು ಕೇಳಿದ್ದೆ, ಒಂದು ರೊಟ್ಟಿ ಪ್ಯಾಕೆಟ್ ಕೊಟ್ಟಿದ್ದೆ.

ಎರಡನೇ ದಿನ ಮಧ್ಯಾಹ್ನ ನಮ್ಮ ಕಡೆಯ ಚುರುಮುರಿ ತಿಂಡಿ ಗಿರ್ಮಿಟ್ ಮಾಡುವ ಹುಚ್ಚು ಹತ್ತಿತು. ಭೇಲ್ ಕೌಂಟರಿನಲ್ಲಿ ಚುರುಮುರಿ, ಹೆಚ್ಚಿದ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ ಎಲ್ಲ ಇತ್ತು. ನನ್ನ ಹತ್ತಿರ ಪುಟಾಣಿ ಹಿಟ್ಟು. ಒಗ್ಗರಣೆ ಇಲ್ಲ, ಹುಣಸೆ ಗೊಜ್ಜು ಇಲ್ಲ. ಮೊದಲು ಅವರ ಹುಣಸೆ ಚಟ್ನಿ ಹಾಕಿದೆ, ಬೆಲ್ಲದ ಸಿಹಿಗೆ ಎಲ್ಲ ಕೆಟ್ಟಿತು. ಎರಡನೇ ಸಲ ಮಾವಿನ ಉಪ್ಪಿನಕಾಯಿಯ ಎಣ್ಣೆ ಎರಡು ಚಮಚ, ಲಿಂಬೆಹಣ್ಣು, ಮೇಲೆ ಪುಟಾಣಿ ಹಿಟ್ಟು. ಬೇಗ ಕಲಸಿ ಬೇಗ ತಿನ್ನಬೇಕು, ಗಾಳಿಗೆ ಚುರುಮುರಿ ಮೆತ್ತಗಾಗುತ್ತದೆ. ರೂಪಾಯಿಗೆ ಹತ್ತಾಣೆ ಗಿರ್ಮಿಟ್ ಆಯ್ತು. ಪಕ್ಕದ ಮೇಜಿನ ಗುಜರಾತಿ ಕುಟುಂಬವೂ ಕೇಳಿ ತಿಂದಿತು. ಮಿರ್ಚಿ ಭಜಿ ಒಂದು ಇರಬೇಕಿತ್ತು.

ದಾರಿಯ ಮಾತು. ಗದಗಿನಿಂದ ಮುಂಬೈ ರೈಲು ಸೊಲ್ಲಾಪುರದ ಮೇಲೆ ಹಾದು ಮರುದಿನ ಬೆಳಗ್ಗೆ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಎರಡು ಕಿಲೋಮೀಟರ್ ಒಳಗೆ. ದೊಡ್ಡ ಚೀಲಗಳನ್ನು ಹಡಗಿನವರು ತಗೊಂಡು ಸಂಜೆ ಕೋಣೆಗೆ ಮುಟ್ಟಿಸುತ್ತಾರೆ, ಅದಕ್ಕೆ ಬಿಪಿ ಗುಳಿಗೆ, ಸ್ವೆಟರು ಕೈಚೀಲದಲ್ಲೇ ಇರಲಿ. ಕೆಟಲ್, ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ತಗೊಂಡು ಇಟ್ಟುಕೊಳ್ಳುತ್ತಾರೆ. ಆಧಾರ್ ಮೂಲ ಕಾರ್ಡೇ ಇರಲಿ.

ನಾನು ಹೋಗಿ-ಬರುವ ಟಿಕೆಟ್ ತೆಗೆಸಲಿಲ್ಲ. ಗೋವಾದ ಮುರ್ಮಗೋವಾದಲ್ಲಿ ಇಳಿದುಬಿಟ್ಟೆವು. ಹಡಗಿನವರ ಬಸ್ಸಿನಲ್ಲಿ ಊರು ತೋರಿಸಲು ತಲೆಗೆ ಎರಡು ಸಾವಿರದ ಮೇಲೆ ಕೇಳಿದರು. ಹೊರಗೆ ಬಂದು ಒಂದು ಟೆಂಪೊ ಹಿಡಿದೆವು, ಇಡೀ ದಿನಕ್ಕೆ ಐದು ಸಾವಿರದೊಳಗೆ ಒಂಬತ್ತು ಮಂದಿ. ವಾಸ್ಕೋದಲ್ಲಿ ಒಂದು ರಾತ್ರಿ ಇದ್ದು ಬೆಳಗ್ಗೆ ರೈಲು. ಕುಳೆಂ ನಿಲ್ದಾಣ ದಾಟಿ ಘಟ್ಟ ಏರುವಾಗ ದೂಧಸಾಗರ ಜಲಪಾತ ಎದುರಿಗೇ ಬಂತು. ಮಕ್ಕಳಿಗೆ ಹಡಗಿಗಿಂತ ಅದೇ ಜಾಸ್ತಿ ಇಷ್ಟವಾಯಿತು. ಹುಬ್ಬಳ್ಳಿಯಲ್ಲಿ ಗದಗಿನ ಗಾಡಿಗೆ ಬದಲಾಯಿಸುವಾಗ ಮಗ ಒಂದು ಲೆಕ್ಕ ಹೇಳಿದ. ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರ್ಮು 1507 ಮೀಟರ್, ನಮ್ಮ ಹಡಗು ಇನ್ನೂರು ಮೀಟರ್ ಚಿಲ್ಲರೆ. ಏಳು ಹಡಗು ಒಂದರ ಹಿಂದೆ ಒಂದು ನಿಲ್ಲಿಸಬಹುದಂತೆ. "ಅದಕ್ಕs ನನ್ನ ಮೊಣಕಾಲು ಇಲ್ಲೇ ಜಾಸ್ತಿ ನೋಯ್ತಾವು" ಅಂದಳು ಅವ್ವ.

ಹದಿನೈದರಲ್ಲಿ ಎರಡು ಪ್ಯಾಕೆಟ್ ಉಳಿದು ಬಂದವು. ಒಂದನ್ನು ಕ್ಯಾಸಲ್ ರಾಕ್ ದಾಟಿದ ಮೇಲೆ ರೈಲಿನಲ್ಲಿ ಬಿಚ್ಚಿದೆವು. ಇನ್ನೊಂದನ್ನು ಮಾಮಾ ಕೇಳಿ ಇಸಿದುಕೊಂಡು ಹೋದರು. ಹೋಗುವಾಗ ಲಕ್ಷದ್ವೀಪದ ಹಡಗಿನ ದರ ಎಷ್ಟಿದೆ ನೋಡು ಅಂದರು.