ಉನ್ನತ ಶಿಕ್ಷಕ ಮಾನ್ಯತೆಗೆ ಸಾಕ್ಷ್ಯ ಕಡತ ಸಿದ್ಧಪಡಿಸುವ ಬಗೆ

ಆಸ್ಟ್ರೇಲಿಯಾದ ಶಿಕ್ಷಕರ ವೃತ್ತಿ ಚೌಕಟ್ಟಿನಲ್ಲಿ 7 ಮಾನದಂಡಗಳೂ ಅವುಗಳಡಿ 37 ಅಂಶಗಳೂ ಇದ್ದು, ‘ಹೈಲಿ ಅಕಾಂಪ್ಲಿಶ್ಡ್’ (ಹೆಚ್ಚು ಪರಿಣತ ಶಿಕ್ಷಕ) ಅಥವಾ ಅದಕ್ಕೂ ಮೇಲಿನ ‘ಲೀಡ್’ (ಮುಂದಾಳು ಶಿಕ್ಷಕ) ಹಂತದ ಮಾನ್ಯತೆ ಬಯಸುವವರು ಮೊದಲು ಆಯಾ ಹಂತದ ಒಕ್ಕಣೆಯನ್ನು ಗಮನವಿಟ್ಟು ಓದಬೇಕು. ಪ್ರತಿ ಅಂಶಕ್ಕೂ ಪ್ರತ್ಯೇಕ ದಾಖಲೆ ಹುಡುಕಬೇಕಿಲ್ಲ. ಚೆನ್ನಾಗಿ ಆಯ್ದ ಒಂದೇ ದಾಖಲೆ ಹಲವು ಅಂಶಗಳನ್ನು ಸಮರ್ಥಿಸಬಲ್ಲದು.

ಉದಾಹರಣೆಗೆ, ಐದನೇ ತರಗತಿಯ ಭಿನ್ನರಾಶಿ ಪಾಠವನ್ನು ಸಹೋದ್ಯೋಗಿಯೊಂದಿಗೆ ಸೇರಿ ತಿದ್ದಿದ್ದರೆ, ಹಳೆಯ ಮತ್ತು ಪರಿಷ್ಕೃತ ಪಾಠಯೋಜನೆಗಳು, ಸಹೋದ್ಯೋಗಿಯ ಅಭಿಪ್ರಾಯ, ಒಬ್ಬನೇ ವಿದ್ಯಾರ್ಥಿ ಮೊದಲು ಹಾಗೂ ಆಮೇಲೆ ಬರೆದ ಉತ್ತರಗಳು, ಇವೆಲ್ಲವನ್ನೂ ದಿನಾಂಕಸಹಿತ ಒಟ್ಟಿಗೆ ಜೋಡಿಸುವುದು ಒಳ್ಳೆಯದು. ಅದರ ಜೊತೆಗಿನ ವಿವರಣೆಯಲ್ಲಿ ಪಾಠವನ್ನು ಏಕೆ ಬದಲಿಸಲಾಯಿತು, ಮಕ್ಕಳ ಕಲಿಕೆಯಲ್ಲಿ ಏನು ಸುಧಾರಿಸಿತು, ಮುಖ್ಯವಾಗಿ ಸಹೋದ್ಯೋಗಿಯ ಬೋಧನೆ ಹೇಗೆ ಬದಲಾಯಿತು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಈ ಹಂತಗಳಲ್ಲಿ ಇತರ ಶಿಕ್ಷಕರ ಮೇಲಾದ ಪರಿಣಾಮಕ್ಕೂ ತೂಕವಿದೆ. ಕಾರ್ಯಾಗಾರಗಳ ಪ್ರಮಾಣಪತ್ರಗಳ ಕಟ್ಟು (ಅದೆಷ್ಟೇ ದಪ್ಪವಿರಲಿ) ಇದನ್ನು ತೋರಿಸಲಾರದು.

‘ಲೀಡ್’ ಹಂತದವರು ತಾವೇ ಮುನ್ನಡೆಸಿದ ಉಪಕ್ರಮವೊಂದನ್ನು ಯೋಜನೆಯಿಂದ ಮೌಲ್ಯಮಾಪನದವರೆಗೆ ದಾಖಲಿಸಬೇಕಾಗುತ್ತದೆ. ತರಗತಿ ವೀಕ್ಷಣಾ ವರದಿಗಳನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ ಮೊದಲೇ ಪಡೆಯಿರಿ. ಶಿಫಾರಸುದಾರರಾಗಿ ಹುದ್ದೆಯಲ್ಲಿ ದೊಡ್ಡವರಿಗಿಂತ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರನ್ನೇ ಆರಿಸಿ. ಸಲ್ಲಿಸುವ ಮುನ್ನ ಮಕ್ಕಳ ಹೆಸರು ಮತ್ತು ಗುರುತಿನ ವಿವರಗಳನ್ನು ಎಲ್ಲ ಪುಟಗಳಿಂದಲೂ ಅಳಿಸಿ.