ಜೇನುಪೆಟ್ಟಿಗೆಯ ಅಂಟಿನಿಂದ ಹಚ್ಚುವ ಎಣ್ಣೆ

ಜೇನುಪೆಟ್ಟಿಗೆಯ ಮುಚ್ಚಳ ಎತ್ತುವಾಗ ಅಂಚಿನಲ್ಲಿ ಬಿಗಿಯಾಗಿ ಹಿಡಿದುಕೊಳ್ಳುವ ಕಂದು ಅಂಟೇ ಪ್ರೋಪೋಲಿಸ್. ಮೊಗ್ಗು, ತೊಗಟೆಗಳಲ್ಲಿ ಒಸರುವ ರಾಳವನ್ನು ಹುಳುಗಳು ಹಿಂಗಾಲಲ್ಲಿ ಹೊತ್ತು ತಂದು, ಮೇಣ ಬೆರೆಸಿ ಬಿರುಕು ಮುಚ್ಚುತ್ತವೆ. ಗೂಡೊಳಗೆ ಸತ್ತ ಇಲಿಯನ್ನು ಹೊರಹಾಕಲಾಗದಿದ್ದರೆ ಅದಕ್ಕೂ ಇದನ್ನೇ ಮೆತ್ತಿ, ಕೊಳೆತು ನಾರದಂತೆ ನೋಡಿಕೊಳ್ಳುತ್ತವೆ.

ಸುಮಾರು ಅರ್ಧ ಭಾಗ ರಾಳ, ಶೇ 30ರಷ್ಟು ಮೇಣ, ಶೇ 10ರಷ್ಟು ಸುಗಂಧ ತೈಲ, ಉಳಿದದ್ದು ಪರಾಗ ಇತ್ಯಾದಿ. ಆದರೆ ಸುತ್ತಲಿನ ಮರ ಬದಲಾದರೆ ಅಂಟೂ ಬದಲು. ಯುರೋಪಿನಲ್ಲಿ ಪಾಪ್ಲರ್ ಮರದ ಮೊಗ್ಗಿನಿಂದ ಬರುವ ಪಿನೋಸೆಂಬ್ರಿನ್, ಗ್ಯಾಲಾಂಜಿನ್ ಎಂಬ ಸಸ್ಯ ರಾಸಾಯನಿಕಗಳು ಹೆಚ್ಚು. ಬ್ರೆಜಿಲ್‌ನ ಹಸಿರು ಪ್ರೋಪೋಲಿಸ್‌ನಲ್ಲಿ ಆರ್ಟೆಪಿಲಿನ್ ಸಿ ಎಂಬ ಬೇರೆಯೇ ರಾಸಾಯನಿಕ. ಅಲ್ಲಿಯ ಸಂಶೋಧನೆ ತೋರಿಸಿ ಇಲ್ಲಿ ಬಾಟಲಿ ಮಾರಿದರೆ ನಂಬಬೇಡಿ.

ನಮ್ಮ ನಾಡಿನ ಜೇನು ತುಡುವೆಯ ಗೂಡಿನಲ್ಲಿ ಇದು ಸಿಗುವುದು ತೀರಾ ಅಪರೂಪ. ಕುಟುಕದ ಪುಟ್ಟ ಜೇನು ಮುಜಂಟಿಯ ಗೂಡಂತೂ ಮೇಣ, ರಾಳದಿಂದಲೇ ಕಟ್ಟಿದ್ದು. ಅದನ್ನು ಕೆರೆದರೆ ಕುಟುಂಬಕ್ಕೇ ಪೆಟ್ಟು. ಮೆಲ್ಲಿಫೆರಾ ಎಂಬ ಯುರೋಪಿಯನ್ ಜೇನಿನ ಪೆಟ್ಟಿಗೆಯೇ ಸರಿ. ಚೌಕಟ್ಟುಗಳ ಮೇಲೆ, ಮುಚ್ಚಳದ ಕೆಳಗೆ ಸಣ್ಣ ಕಿಂಡಿಗಳ ಪ್ಲಾಸ್ಟಿಕ್ ಜಾಲರಿ ಹಾಸಿ. ಕಿಂಡಿಗಳು ತುಂಬಿದ ಮೇಲೆ ತೆಗೆದು ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ತಣ್ಣಗಾದ ಅಂಟು ಗಾಜಿನಂತೆ ಪೆಡಸು. ಜಾಲರಿ ಬಗ್ಗಿಸಿದರೆ ಪಟಪಟನೆ ಉದುರುತ್ತದೆ. ಬಣ್ಣ ಬಳಿದ ಮರದಿಂದ ಕೆರೆದದ್ದು ಬೇಡ, ಬಣ್ಣದ ಸೀಸವೂ ಜೊತೆಗೆ ಬರಬಹುದು.

ಉದುರಿದ್ದನ್ನು ತಣ್ಣಗಿರುವಾಗಲೇ ಪುಡಿ ಮಾಡಿ, ಕಸ ಆರಿಸಿ. 10 ಗ್ರಾಂ ಪುಡಿಗೆ 100 ಮಿಲಿ ಕೊಬ್ಬರಿ ಎಣ್ಣೆ. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, ಎಣ್ಣೆ 50 ಡಿಗ್ರಿ ದಾಟದಂತೆ ಅರ್ಧ ಗಂಟೆ ಕದಡುತ್ತಿರಿ. ನೇರ ಉರಿಗೆ ಇಡಬೇಡಿ, ಸುಗಂಧ ತೈಲ ಹಾರಿಹೋಗುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ. ಎಲ್ಲವೂ ಕರಗದು, ತಳದಲ್ಲಿ ಜಿಗುಟು ಉಳಿಯುವುದು ಸಹಜ. ಮದ್ಯಸಾರದಲ್ಲಿ ರಾಳ ಇನ್ನೂ ಚೆನ್ನಾಗಿ ಬಿಡುತ್ತದೆ ನಿಜ. ಆದರೆ ಪಾಲಿಶ್ ಸ್ಪಿರಿಟ್, ಸ್ಯಾನಿಟೈಸರ್ ಬಳಸುವ ಸಾಹಸ ಖಂಡಿತ ಬೇಡ. ಅವುಗಳಲ್ಲಿ ಮೆಥನಾಲ್‌ನಂಥ ವಿಷವಿರಬಹುದು.

ಒಡೆದ ಹಿಮ್ಮಡಿಗೆ, ಒಣಗಿ ಬಿರಿದ ಚರ್ಮಕ್ಕೆ ಈ ಎಣ್ಣೆ ಹಚ್ಚಬಹುದು. ತುಟಿಯಂಚಿನ ಹರ್ಪಿಸ್ ಗುಳ್ಳೆಗೆ ಪ್ರೋಪೋಲಿಸ್ ಮುಲಾಮು ಹಚ್ಚಿದ ಕೆಲವು ಅಧ್ಯಯನಗಳಲ್ಲಿ ಬೇಗ ಮಾಗಿದ್ದು ಕಂಡಿದೆ. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಮೊದಲು ಮೊಣಕೈ ಒಳಮಡಿಕೆಗೆ ಒಂದು ಹನಿ ಹಚ್ಚಿ ಎರಡು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ಬಿಟ್ಟುಬಿಡಿ. ಜೇನಿನ ಪದಾರ್ಥ ಆಗದವರು, ಆಸ್ತಮಾ ಇರುವವರು ಮುಟ್ಟದಿರುವುದೇ ಲೇಸು. ಗರ್ಭಿಣಿಯರು, ಬಾಣಂತಿಯರು ವೈದ್ಯರನ್ನು ಕೇಳಿಯೇ ಬಳಸಲಿ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗಂತೂ ಎಣ್ಣೆ ಹಚ್ಚುತ್ತ ಕೂರದೆ ಆಸ್ಪತ್ರೆಗೆ ಹೋಗಿ. ಉಳಿದ ಎಣ್ಣೆಯನ್ನು ಕಂದು ಬಾಟಲಿಯಲ್ಲಿ ತುಂಬಿ, ಮಾಡಿದ ದಿನಾಂಕ ಬರೆದು, ಬಿಸಿಲು ಬೀಳದ ಕಡೆ ಇಡಿ. ಕಮಟು ವಾಸನೆ ಬಂದರೆ ಚೆಲ್ಲಿಬಿಡಿ.