ಮಿಲಿವೋಲ್ಟ್ ನಿಲ್ಲುವ ತನಕ

ಗದಗಿನ ನಮ್ಮ ಸಣ್ಣ ನೀರು ಪರೀಕ್ಷಾ ಲ್ಯಾಬಿನಲ್ಲಿ ಫ್ಲೋರೈಡ್ ಮೀಟರಿನ ರೀಡಿಂಗನ್ನು ಕಣ್ಣಿಂದ ಓದಿ, ರಿಜಿಸ್ಟರಿಗೆ ಬರೆದು, ಸಂಜೆ ಎಕ್ಸೆಲ್‌ಗೆ ಹಾಕುವುದು ರೂಢಿಯಾಗಿತ್ತು. ಒಂದು ಸಲ ಮುಂಡರಗಿ ಕಡೆಯ ಬೋರಿನ ನೀರು 1.28 ಇದ್ದದ್ದು ನನ್ನ ಕೈಯಲ್ಲೇ 1.82 ಆಗಿ ರಿಪೋರ್ಟಿಗೆ ಹೋಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನದಂಡ ಐಎಸ್ 10500. ರಿಪೋರ್ಟು ಹಿಡಿದು ಬಂದ ರೈತರು, "ಹಂಗಾರ ಈ ನೀರು ಹುಡುಗ್ರಿಗೆ ಕೊಡೂದು ಬ್ಯಾಡೇನ್ರೀ ಸಾಹೇಬ್ರ?" ಎಂದು ಕೇಳಿದಾಗ ರಿಜಿಸ್ಟರ್ ತೆಗೆದು ನೋಡಿದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮೀಟರಿನ ಹಿಂದೆ, ಅಂಕಿಯನ್ನು ನೇರ ಕಂಪ್ಯೂಟರಿಗೆ ಕಳಿಸಬಲ್ಲ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಸುಮ್ಮನೆ ಇತ್ತು. ಹುಬ್ಬಳ್ಳಿಯಿಂದ ಯುಎಸ್‌ಬಿ ಕನ್ವರ್ಟರ್ ತಂದು ಹಳೆಯ ಕಂಪ್ಯೂಟರಿಗೆ ಜೋಡಿಸಿದೆ. ಏನೂ ಬರಲಿಲ್ಲ. ಮೀಟರ್, ಕಂಪ್ಯೂಟರ್ ಎರಡೂ ಒಂದೇ ತಂತಿಯಲ್ಲಿ ಕಳಿಸುತ್ತಿದ್ದವು. 2 ಮತ್ತು 3ನೇ ಪಿನ್ ಅದಲುಬದಲಾದ ಕೇಬಲ್ ಹಾಕಿದ ಮೇಲೆ ಅಕ್ಷರ ಬಂದವು, ಆದರೆ ಬರೀ ಗೊಜಲು. ಮೀಟರ್ 2400 ಬಾಡ್ ವೇಗದಲ್ಲಿ ಕಳಿಸುತ್ತಿತ್ತು, ನನ್ನ ಪೈಥಾನ್ ಪ್ರೋಗ್ರಾಮ್ 9600ಕ್ಕೆ ಕಾಯುತ್ತಿತ್ತು. ಅದನ್ನು ಸರಿಮಾಡಿದ್ದಾಯಿತು. ಇನ್ನೊಂದು ತೊಡಕು ಮಾತ್ರ ಅಪಾಯದ್ದು: ಮೀಟರ್ ಕಳಿಸುವ 142.6 ಮಿಲಿವೋಲ್ಟ್ ಎಂಬ ಅಂಕಿ ಒಮ್ಮೊಮ್ಮೆ ಎರಡು ತುಂಡಾಗಿ ಬರುತ್ತದೆ. ಸಾಲು ಮುಗಿದ ಗುರುತು ಬರುವ ಮೊದಲೇ ಓದಿದರೆ ಬರೀ 14 ಸಿಗುತ್ತದೆ, ಕಂಪ್ಯೂಟರ್ ಅದನ್ನೂ ಸರಿಯಾದ ಅಂಕಿ ಎಂದೇ ಇಟ್ಟುಕೊಳ್ಳುತ್ತದೆ.

ಬರವಣಿಗೆಯ ತಪ್ಪು ತಪ್ಪಿಸಲು ಹೊರಟವನಿಗೆ ಅದಕ್ಕಿಂತ ದೊಡ್ಡ ತಪ್ಪು ಕಂಡದ್ದು ಆಮೇಲೆ. ನೀರಿಗೆ ಇಳಿಸುವ ಎಲೆಕ್ಟ್ರೋಡ್ ಎಂಬ ಕಡ್ಡಿ ಕೊಡುವ ಮಿಲಿವೋಲ್ಟಿನಿಂದಲೇ ಫ್ಲೋರೈಡ್ ಲೆಕ್ಕ ಹಾಕುವುದು. ಫ್ಲೋರೈಡ್ ಹತ್ತು ಪಟ್ಟಾದರೆ ಆ ಮಿಲಿವೋಲ್ಟ್ 25 ಡಿಗ್ರಿಯಲ್ಲಿ ಸುಮಾರು 59 ಇಳಿಯುತ್ತದೆ. ಅಂದರೆ 1 ಮಿಲಿವೋಲ್ಟ್ ಹೆಚ್ಚುಕಮ್ಮಿ ಆದರೆ ಉತ್ತರ ಶೇಕಡಾ 4ರಷ್ಟು ಬದಲಾಗುತ್ತದೆ, 1.45 ಇದ್ದದ್ದು 1.51 ಆಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ತೊಳೆದ ಎಲೆಕ್ಟ್ರೋಡನ್ನು ಸ್ಯಾಂಪಲಿಗೆ ಇಳಿಸಿದಾಗ ಅಂಕಿ ಮೇಲಿಂದ ನಿಧಾನಕ್ಕೆ ಇಳಿಯುತ್ತ ಬರುತ್ತದೆ. ನಡುವೆಯೇ ಓದಿಬಿಟ್ಟರೆ ಫ್ಲೋರೈಡ್ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. ಬೆಳಿಗ್ಗೆ ಮೂರು ನಿಮಿಷ ಕಾಯುತ್ತಿದ್ದ ನಾವು, ಸಂಜೆ ಬಸ್ಸಿನ ಹೊತ್ತಿಗೆ ಒಂದು ನಿಮಿಷಕ್ಕೇ ಬರೆದುಬಿಡುತ್ತಿದ್ದೆವು.

ಆದ್ದರಿಂದ ಪ್ರೋಗ್ರಾಮಿಗೆ ಒಂದೇ ನಿಯಮ ಹಾಕಿದೆ: ಮೂರು ಸೆಕೆಂಡಿಗೊಮ್ಮೆ ಓದು, ಕೊನೆಯ ಹತ್ತು ಓದುಗಳು 0.3 ಮಿಲಿವೋಲ್ಟಿನೊಳಗೆ ನಿಂತರೆ ಮಾತ್ರ ಒಪ್ಪಿಕೋ. ಲೆಕ್ಕ ಹಾಕಿದ ಉತ್ತರದ ಜೊತೆಗೆ ಅಷ್ಟೂ ಮಿಲಿವೋಲ್ಟುಗಳು ಸಮಯ ಸಮೇತ ಫೈಲಿನಲ್ಲಿ ಉಳಿಯುತ್ತವೆ. ಪ್ರತಿದಿನ ಬೆಳಿಗ್ಗೆ ಫ್ಲೋರೈಡ್ ಎಷ್ಟೆಂದು ಮೊದಲೇ ಗೊತ್ತಿರುವ 0.2 ಮತ್ತು 2ರ ಸ್ಟ್ಯಾಂಡರ್ಡ್ ದ್ರಾವಣ ಇಟ್ಟು ಇಳಿಜಾರು, ಅಂದರೆ ಎರಡರ ನಡುವಿನ ಮಿಲಿವೋಲ್ಟ್ ವ್ಯತ್ಯಾಸ, ನೋಡುತ್ತೇವೆ. ನಮ್ಮ ಬೇಸಿಗೆಯಲ್ಲಿ ಲ್ಯಾಬ್ 35 ಡಿಗ್ರಿಗೆ ಏರಿದಾಗ ಅದು 61ರ ಹತ್ತಿರ ಇರಬೇಕು, ತೀರಾ ಕಡಿಮೆ ಬಂದರೆ ಆ ದಿನದ ಕೆಲಸವನ್ನು ಪ್ರೋಗ್ರಾಮ್ ಶುರುವೇ ಮಾಡುವುದಿಲ್ಲ.

ಮೊದಲ ವಾರ ನಮ್ಮ ಅಸಿಸ್ಟಂಟ್ ಬೇಸರಪಟ್ಟುಕೊಂಡರು. "ಕೈಲೇ ಆಗಿದ್ರ ಇಷ್ಟೊತ್ತಿಗೆ ಹತ್ತು ಬಾಟ್ಲಿ ಮುಗೀತಿದ್ವು ರೀ ಸರ್." ಒಂದು ಬಾಟಲಿಯನ್ನು ಅವರಿಂದಲೇ ಓದಿಸಿದೆ, 1.41 ಎಂದು ಬರೆದರು. ಎಲೆಕ್ಟ್ರೋಡ್ ತೆಗೆಯದೆ ಇಬ್ಬರೂ ಪರದೆ ನೋಡುತ್ತ ಕೂತೆವು. ಇನ್ನೂ ಎರಡು ಮಿಲಿವೋಲ್ಟ್ ಇಳಿದು ಅಂಕಿ ನಿಂತಿತು: 1.52. ಅವರು ರಿಜಿಸ್ಟರಿನಲ್ಲಿ ತಾವು ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.